ಕ ಬಿಟ್ಟು ಚ ಸೇರಿದ ಕೊಂಬು

ಜೂನ್ ೫

ಕೈಗಾರಿಕಾ ಇಲಾಖೆಯ ಆಧಾರಸ್ತಂಭವೂ ನನ್ನ ಹೆಂಡತಿಯ ಒಬ್ಬನೇ ತಮ್ಮನೂ ಆದ ಮಹಾಶಯನಿಗೆ,

ನಾವಿಲ್ಲಿ ಕ್ಷೇಮವಿಲ್ಲ. ನೀನು ಕ್ಷೇಮವೆಂದು ನಂಬಿದ್ದೇನೆ. ಕೈಗಾರಿಕಾ ಇಲಾಖೆಯಲ್ಲಿ ಕೂತವರಿಗೆ ಕೈಗಾರಿಕೆಯಿಂದ ತೊಂದರೆಯಾದದ್ದನ್ನು ನಾನಂತೂ ಕೇಳಿಲ್ಲ. ಫೋನ್ ಮಾಡೋಣವೆಂದರೆ, "ಬಾಯಲ್ಲಿ ಹೇಳಿದ್ದು ನಡೆದ ಹಾಗಲ್ಲ ಭಾವ, ಏನಿದ್ದರೂ ಬರೆದು ಕಳಿಸಿ" ಎಂದು ನೀನೇ ಹೋದ ವರ್ಷ ಅಪ್ಪಣೆ ಕೊಡಿಸಿದ್ದೀಯ. ಆದ್ದರಿಂದ ಬರೆಯುತ್ತಿದ್ದೇನೆ.

ಇಪ್ಪತ್ತಾರು ವರ್ಷದಿಂದ ನಾನು ಬಣ್ಣ ಹಚ್ಚುವ ಕುಂಚ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅಲ್ಲವಂತೆ. ಕಂಚು ಕರಗಿಸುತ್ತಿದ್ದೇನಂತೆ.

ನಿಮ್ಮ ಹೊಸ ಕಸುಬುಗಳ ಪಟ್ಟಿ ಅಚ್ಚಾಗಿ ಬಂತಲ್ಲ, ತರಿಸಿ ನೋಡಿದೆ. ನಲವತ್ತನೇ ಸಾಲು ಕಂಚು. ಸಂತೋಷ. ನಲವತ್ತೊಂದನೇ ಸಾಲು? ಅದೂ ಕಂಚು. ನಲವತ್ತೆರಡು ಕಂಬಳಿ. ಹಿಂದೆ ಮುಂದೆ ಹುಡುಕಿದೆ, ಕುಂಚ ಎಲ್ಲೂ ಇಲ್ಲ. ಫೆಬ್ರವರಿಯಲ್ಲಿ ನೀನೇ ಫೋನ್ ಮಾಡಿ, "ಭಾವ, ನಲವತ್ತೊಂದನೇ ಸಾಲಿಗೆ ಅರ್ಜಿ ಹಾಕಿ, ಅಕ್ಕನ ಹೆಸರಲ್ಲಿ ಹಾಕಿ, ಹೆಂಗಸರ ಅರ್ಜಿ ಬೇಗ ನೋಡ್ತಾರೆ" ಅಂದೆ. ಅರ್ಜಿಯಲ್ಲಿ ಕಸುಬಿನ ಹೆಸರು ಬರೆಯಲು ಜಾಗವೇ ಇರಲಿಲ್ಲ, ಸಂಖ್ಯೆ ಬರೆಯುವ ಚೌಕ ಮಾತ್ರ ಇತ್ತು. ಬರೆದೆವು. ಈಗ ನಿನ್ನ ಅಕ್ಕ ಕಂಚಿನ ಕಾರ್ಖಾನೆಯ ಒಡತಿ. ಕ ಅಕ್ಷರದ ಕೊಂಬು ಜಾರಿ ಚ ಅಕ್ಷರಕ್ಕೆ ಬಿದ್ದಿದೆ, ಅಷ್ಟೇ. ಸರ್ಕಾರಕ್ಕೆ ಕೊಂಬಿದೆ ಎಂದು ಕೇಳಿದ್ದೆ. ಅದು ಹೀಗೆ ಮನೆಮನೆ ಅಲೆಯುತ್ತದೆ ಎಂದು ತಿಳಿದಿರಲಿಲ್ಲ.

ನಿನ್ನೆ ಇನ್‌ಸ್ಪೆಕ್ಟರು ಬಂದರು. ಕೈಯಲ್ಲಿ ಅಳತೆಪಟ್ಟಿ.

"ಕುಲುಮೆ ಎಲ್ಲಿ?"

"ಯಾವ ಕುಲುಮೆ ಸಾರ್?"

"ಕಂಚು ಕರಗಿಸೋದು."

ನಮ್ಮ ಕತ್ತರಿ ಅಜ್ಜಿ ಗೊತ್ತಲ್ಲ, ಕುಂಚದ ತುದಿ ಕತ್ತರಿಸುವವಳು, ತಲೆಯೆತ್ತದೆಯೇ, "ಇಲ್ಲಿ ಕರಗೋದು ನಮ್ಮ ಕಣ್ಣೊಂದೇ ಕಣಪ್ಪ" ಅಂದಳು. ಅವರು ಅದನ್ನೂ ಬರೆದುಕೊಂಡರು. ಹಿಂದಿನ ಕೋಣೆಯಲ್ಲಿ ಕುಂಚದ ಕೂದಲು ಬೇಯಿಸುವ ಒಲೆ ಕಂಡಿತು. "ಇದರ ಶಾಖ ಎಷ್ಟು ಡಿಗ್ರಿ?" "ಕೂದಲು ಬೇಯುವಷ್ಟು." ಷರಾ: ತಾಪಮಾನ ತಿಳಿಸಲು ನಿರಾಕರಿಸಿದರು.

ಹೋಗುವಾಗ ಜೂನ್ ಮೂರರ ತಾರೀಕಿನ ನೋಟಿಸು ಕೊಟ್ಟುಹೋದರು. ಮನೆಗಳಿರುವ ಬೀದಿಯಲ್ಲಿ ಕಂಚು ಕರಗಿಸುವಂತಿಲ್ಲ. ತೊಂಬತ್ತು ದಿನದಲ್ಲಿ, ಅಂದರೆ ಸೆಪ್ಟೆಂಬರ್ ಒಂದರೊಳಗೆ, ಊರಾಚೆಯ ಹೊಸ ಕೈಗಾರಿಕಾ ಬಡಾವಣೆಗೆ ಹೋಗಬೇಕು, ಇಲ್ಲವಾದರೆ ಬೀಗ. ಶಾಲೆಗಳಿಗೆಂದು ಮಾಡಿಟ್ಟ ಕುಂಚಗಳನ್ನು ಖರೀದಿ ಕಚೇರಿಯವರು ವಾಪಸು ಕಳಿಸಿದ್ದಾರೆ. ಕಂಚಿನ ಕಾರ್ಖಾನೆಯಿಂದ ಮಕ್ಕಳಿಗೆ ಕುಂಚ ಕೊಳ್ಳುವುದು ನಿಯಮಕ್ಕೆ ವಿರುದ್ಧವಂತೆ. ಇಲ್ಲಿ ಹನ್ನೊಂದು ಜನ ಕೂತಿದ್ದಾರೆ. ಒಂದು ಕೊಂಬು ಕಿತ್ತು ಒಂದು ಕೊಂಬು ಹಚ್ಚುವ ಕೆಲಸ. ನಿನಗೆ ಐದು ನಿಮಿಷ.

ಇಂತಿ, ಕಂಚಿನ ಒಡತಿಯ ಗಂಡ,
ನಿನ್ನ ಭಾವ


ಜೂನ್ ೧೪

ವಿಷಯ: ತಮ್ಮ ಜೂನ್ ೫ರ ಪತ್ರ

ಪೂಜ್ಯ ಭಾವನವರಿಗೆ,

ಮೇಲೆ 'ವಿಷಯ' ಎಂದು ಬರೆದದ್ದಕ್ಕೆ ನಗಬೇಡಿ. ಕೈಗೆ ಅಭ್ಯಾಸವಾಗಿಬಿಟ್ಟಿದೆ.

ಪತ್ರ ಓದಿದೆ. ಲೋಪವಾಗಿರುವಂತೆ ಕಾಣುತ್ತದೆ. ಆದರೆ ಐದು ನಿಮಿಷದ ಕೆಲಸವಲ್ಲ. ಪಟ್ಟಿ ಒಮ್ಮೆ ಪ್ರಕಟವಾದರೆ ಅದು ಕಾನೂನು. ತಿದ್ದಬೇಕಾದರೆ ಅಚ್ಚಿಗೆ ಹೋದ ಮೂಲ ಹಾಳೆ, ಸಮಿತಿ ಒಪ್ಪಿದ ಹಾಳೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ತಾವು ಜಿಲ್ಲಾ ಕಚೇರಿಯ ಮೂಲಕ ಅರ್ಜಿ ಹಾಕಿಕೊಳ್ಳುವುದು ಸೂಕ್ತ.

ತಾವು ಪಟ್ಟಿಯನ್ನು ಹಾಸ್ಯ ಮಾಡುತ್ತೀರಿ. ಮಾಡಿ. ಆದರೆ ಒಂದು ಮಾತು. ಬುಟ್ಟಿ ಹೆಣೆಯುವ ಒಬ್ಬ ಹೆಂಗಸು ಮೊದಲು ಏಳು ಕಚೇರಿಯ ಮೆಟ್ಟಿಲು ಹತ್ತಬೇಕಿತ್ತು, ಏಳನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಈಗ ಒಂದೇ ಕಚೇರಿ, ಒಂದೇ ಅರ್ಜಿ. ಪಟ್ಟಿಯಲ್ಲಿದ್ದವರಿಗೆ ವಿದ್ಯುತ್ತು ಅಗ್ಗ, ಸರ್ಕಾರಿ ಖರೀದಿಯಲ್ಲಿ ಮೊದಲ ಜಾಗ. ನಾಲ್ಕು ವರ್ಷ ನಾನು ಇದಕ್ಕಾಗಿ ಕೂತಿದ್ದೇನೆ. ಕೆಟ್ಟ ಕೆಲಸವಲ್ಲ ಭಾವ.

ಅಕ್ಕನಿಗೆ ನಮಸ್ಕಾರ. ಅವಳು ಎರಡು ಸಾಲು ಬರೆಯಬಹುದಿತ್ತು.

ತಮ್ಮ ವಿಶ್ವಾಸಿ


ಜುಲೈ ೨

ವಿಶ್ವಾಸಿಗೆ,

ನಿನ್ನ ಅಕ್ಕ ಬರೆಯುವುದಿಲ್ಲ. "ಅವನಿಗೆ ನಾನು ಯಾವತ್ತು ಅರ್ಜಿ ಹಾಕಿದ್ದೆ?" ಎನ್ನುತ್ತಾಳೆ. ಹತ್ತು ವರ್ಷ ಊಟ ಹಾಕಿ ಬೆಳೆಸಿದ್ದನ್ನು ಅವಳು ಬಾಯಿ ಬಿಟ್ಟು ಹೇಳುವುದಿಲ್ಲ, ಆದ್ದರಿಂದ ನಾನೂ ಹೇಳುವುದಿಲ್ಲ. ಹೇಳಿದ್ದೇನೆ ಎಂದು ತಿಳಿಯಬೇಡ.

ಸೂಕ್ತ ಮಾರ್ಗದಲ್ಲಿ ನಡೆದೆ. ಜಿಲ್ಲಾ ಕಚೇರಿಯಲ್ಲಿ ಗುಮಾಸ್ತರು ಒಳ್ಳೆಯವರು, ಕೂರಿಸಿ ಕೇಳಿದರು: "ನಿಮ್ಮದು ಕಂಚಲ್ಲ ಅನ್ನೋದಕ್ಕೆ ಏನು ದಾಖಲೆ?"

ಜೇಬಿನಿಂದ ಕುಂಚ ತೆಗೆದು ಮೇಜಿನ ಮೇಲಿಟ್ಟೆ.

"ಇದು ವಸ್ತು. ನಾನು ಕೇಳಿದ್ದು ದಾಖಲೆ" ಅಂದರು.

ಕುಂಚ ಲೋಹ ಪರೀಕ್ಷೆಯ ಪ್ರಯೋಗಾಲಯಕ್ಕೆ ಹೋಯಿತು. ಅವರು ಕೂದಲನ್ನು ಸುಟ್ಟರು, ಮರದ ಹಿಡಿಯನ್ನು ಬಿಸಾಡಿದರು, ಕೂದಲನ್ನೂ ಹಿಡಿಯನ್ನೂ ಸೇರಿಸುವ ಆ ಹಿತ್ತಾಳೆ ಬಳೆಯನ್ನು ಮಾತ್ರ ಪರೀಕ್ಷೆ ಮಾಡಿದರು. ವರದಿ ಬಂದಿದೆ. ತಾಮ್ರ ಶೇಕಡಾ ಅರವತ್ತೈದು. ಕಂಚು ಅಲ್ಲ, ಆದರೆ ಕಂಚಿಗೆ ಹತ್ತಿರದ ಲೋಹ. ಗುಮಾಸ್ತರು ಓದಿ ನನ್ನನ್ನು ಬೇರೆ ಥರ ನೋಡಿದರು, ಇಷ್ಟು ದಿನ ನೆಂಟಸ್ತಿಕೆ ಮುಚ್ಚಿಟ್ಟವನನ್ನು ನೋಡುವ ಹಾಗೆ.

ಇನ್ನೊಂದು ಸುದ್ದಿ. ಎದುರು ಸಾಲಿನ ಕುಂಚದವನಿದ್ದಾನಲ್ಲ, ನಮ್ಮ ಬೀದಿಯ ಬುದ್ಧಿವಂತ, ಅವನೂ ನನ್ನ ಮಾತು ಕೇಳಿ ನಲವತ್ತೊಂದಕ್ಕೇ ಅರ್ಜಿ ಹಾಕಿದ್ದ. ಅವನು ನನ್ನ ಹಾಗೆ ಅಳಲಿಲ್ಲ. "ಸರ್ಕಾರ ನನ್ನನ್ನು ಕಂಚು ಅಂದರೆ ನಾನು ಕಂಚು" ಎಂದು ಒಪ್ಪಿಕೊಂಡುಬಿಟ್ಟ. ಬಡಾವಣೆಯಲ್ಲಿ ಷೆಡ್ಡು ಸಿಕ್ಕಿತು, ಐದು ವರ್ಷ ತೆರಿಗೆ ಇಲ್ಲ. ಷರತ್ತು ಒಂದೇ, ಕುಲುಮೆ ಇರಬೇಕು. ಇಟ್ಟಿಗೆಯಲ್ಲಿ ಕಟ್ಟಿಸಿ, ಉರಿದ ಹಾಗೆ ಕಾಣಲೆಂದು ಒಳಗೆಲ್ಲ ಕಪ್ಪು ಬಳಿಸಿದ್ದಾನೆ. ಬಳಿದದ್ದು ಅವನ ಕಾರ್ಖಾನೆಯ ಕೊನೆಯ ಕುಂಚಗಳಿಂದ. ಅವನಲ್ಲಿದ್ದ ಎಂಟು ಜನ ಮನೆಗೆ ಹೋದರು. ಬೆಂಕಿಯಿಲ್ಲದ ಕುಲುಮೆಗೆ ಆಳು ಯಾಕೆ? ನಿಮ್ಮ ವರದಿಯಲ್ಲಿ ಮಾತ್ರ ಈ ವರ್ಷ ಕಂಚಿನ ಉದ್ಯಮ ಬೆಳೆದಿರುತ್ತದೆ ನೋಡು. ಅಭಿನಂದನೆ.

ನನಗೆ ಉಳಿದಿರುವುದು ಅರವತ್ತೊಂದು ದಿನ. ಆ ಎರಡು ಹಾಳೆ ಪಕ್ಕಪಕ್ಕ ಇಟ್ಟೆಯಾ?

ಇಂತಿ, ಕಂಚಿನ ಹತ್ತಿರದ ನೆಂಟ,
ಭಾವ


ಜುಲೈ ೧೦

ಪೂಜ್ಯ ಭಾವನವರಿಗೆ,

ಕೆಲಸದ ಒತ್ತಡವಿದೆ, ಚಿಕ್ಕದಾಗಿ ಬರೆಯುತ್ತೇನೆ.

ತಿದ್ದುಪಡಿ ಸದ್ಯಕ್ಕೆ ಆಗುವ ಹಾಗಿಲ್ಲ. ಎದುರು ಸಾಲಿನವರು ಮಾಡಿದ್ದು ವ್ಯವಹಾರಕ್ಕೆ ತಪ್ಪಲ್ಲ. ತಾವೂ ಸದ್ಯಕ್ಕೆ ಕಂಚೆಂದು ಒಪ್ಪಿಕೊಂಡು ಷೆಡ್ಡು ತೆಗೆದುಕೊಳ್ಳಿ. ಒಳಗೆ ಕುಂಚವನ್ನೇ ಮಾಡಿಕೊಳ್ಳಿ, ಯಾರೂ ನೋಡುವುದಿಲ್ಲ. ಎರಡು ವರ್ಷದ ಮೇಲೆ ಪಟ್ಟಿ ಮರುಪರಿಶೀಲನೆಗೆ ಬರುತ್ತದೆ. ಆಗ ನೋಡೋಣ.

ದಯವಿಟ್ಟು ಆ ಹಾಳೆಗಳ ವಿಷಯ ಮತ್ತೆ ಕೇಳಬೇಡಿ.

ತಮ್ಮ ವಿಶ್ವಾಸಿ


ಆಗಸ್ಟ್ ೪

ಏನಯ್ಯಾ,

ನಿನ್ನ ಪತ್ರವನ್ನು ಎಲ್ಲರೂ ಕೆಲಸ ಮಾಡುತ್ತಿರುವಾಗ ಜೋರಾಗಿ ಓದಿದೆ. ಅದು ನನ್ನ ತಪ್ಪು. ಓದಿ ಮುಗಿಸಿದಾಗ ಕೂದಲು ಬಾಚುವ ಬಾಚಣಿಗೆಗಳು ನಿಂತಿದ್ದವು. ಕತ್ತರಿ ಅಜ್ಜಿ ಕೇಳಿದಳು, "ಆ ಬಡಾವಣೆ ಎಷ್ಟು ದೂರ?" ಎರಡು ಬಸ್ಸು, ಆಮೇಲೆ ನಡಿಗೆ ಎಂದೆ. ಅಜ್ಜಿ ಕತ್ತರಿ ಒರೆಸಿ ಡಬ್ಬದಲ್ಲಿಟ್ಟಳು, ಮತ್ತೆ ತೆಗೆದಳು. ಆ ವಾರವೇ ಮೂವರು ಬರುವುದು ನಿಲ್ಲಿಸಿದರು. ಈಗ ಎಂಟು ಜನ. ಎಂಟು ಜನ ಹನ್ನೊಂದು ಜನರ ಸದ್ದು ಮಾಡಲು ನೋಡುತ್ತಾರೆ, ಆಗುವುದಿಲ್ಲ.

ಖಾಲಿ ಕೈಯಲ್ಲಿ ಇದ್ದು ಅಭ್ಯಾಸವಿಲ್ಲದ್ದರಿಂದ ನೀವು ಪಟ್ಟಿ ಅಚ್ಚು ಹಾಕಿಸಿದ ಮುದ್ರಣಾಲಯಕ್ಕೇ ಬಂದಿದ್ದೆ. ಹೌದು, ನಿನ್ನ ಊರಿಗೇ. ನಿನ್ನ ಕಚೇರಿಯ ಎದುರು ಹಾದುಹೋದೆ. ಒಳಗೆ ಬರಲು ಸೂಕ್ತ ಮಾರ್ಗ ತಿಳಿಯಲಿಲ್ಲ. ಅಕ್ಷರ ಜೋಡಿಸುವವರು ಹೇಳಿದರು: "ನಮಗೆ ಬಂದ ಹಾಳೇಲಿ ಆ ಒಂದು ಸಾಲು ಕೈಬರಹ ಇತ್ತು ಸ್ವಾಮಿ, ಬಾಕಿಯೆಲ್ಲ ಟೈಪು. ಕೊಂಬು ಯಾವ ಅಕ್ಷರದ್ದು ಅಂತ ಗೊತ್ತಾಗ್ಲಿಲ್ಲ. ಮೇಲಿನ ಸಾಲಲ್ಲಿ ಕಂಚು ಇತ್ತು, ಇದೂ ಕಂಚೇ ಇರಬೇಕು ಅಂತ ಹಾಕಿದ್ವಿ."

ಅಂದರೆ ಯಾರೋ ಕುಂಚ ಎಂದೇ ಬರೆದಿದ್ದಾರೆ. ಆ ಹಾಳೆ ನಿನ್ನ ಕಚೇರಿಯ ಬೀರುವಿನಲ್ಲಿದೆ. ಎತ್ತಿ ತೋರಿಸಿದರೆ ಮುಗಿಯಿತು. ನೀನು ತೋರಿಸುತ್ತಿಲ್ಲ. ಬಡ್ತಿ ಪಟ್ಟಿಯಲ್ಲಿ ನಿನ್ನ ಹೆಸರಿದೆಯಂತೆ, ಇಂಥ ಹೊತ್ತಿನಲ್ಲಿ ಯಾರ ತಪ್ಪನ್ನೂ ಎತ್ತಿ ಆಡಬಾರದು ಎಂಬ ಜಾಣತನವಿರಬೇಕು. ಯಾರನ್ನು ಕಾಪಾಡುತ್ತಿದ್ದೀಯ? ನಿನ್ನ ಸಾಹೇಬರನ್ನೋ? ಮೂಗಿಗಿಂತ ಮೂಗುತಿ ಭಾರ ಆದವರನ್ನು ನೋಡಿದ್ದೇನೆ; ಮೂಗನ್ನೇ ಕೊಯ್ದು ಮೂಗುತಿ ಉಳಿಸಿಕೊಂಡವನು ನೀನೊಬ್ಬ.

ಇಪ್ಪತ್ತೆಂಟು ದಿನ ಉಳಿದಿದೆ.

ಭಾವ


ಆಗಸ್ಟ್ ೯

ಭಾವ,

ಹಾಳೆಯಲ್ಲಿರುವುದು ನನ್ನ ಕೈಬರಹ.

ಸಮಿತಿ ಒಪ್ಪಿದ ಪಟ್ಟಿಯಲ್ಲಿ ಕುಂಚ ಇರಲೇ ಇಲ್ಲ. ರಾಜ್ಯದಲ್ಲಿ ಇಪ್ಪತ್ತು ಕಾರ್ಖಾನೆಗಳಾದರೂ ಇಲ್ಲದ ಕಸುಬನ್ನು ಪಟ್ಟಿಗೆ ಸೇರಿಸಬಾರದು ಎಂದು ನಿಯಮ. ನಮ್ಮ ಎಣಿಕೆಯಲ್ಲಿ ಕುಂಚಕ್ಕೆ ಸಿಕ್ಕಿದ್ದು ನಾಲ್ಕು. ಆ ನಿಯಮದ ಕರಡು ಬರೆದವನೂ ನಾನೇ. ಇಪ್ಪತ್ತೇ ಯಾಕೆ ಎಂದು ಯಾರೂ ಕೇಳಲಿಲ್ಲ. ದುಂಡಗಿನ ಸಂಖ್ಯೆ, ನೋಡಲು ಲಕ್ಷಣವಾಗಿತ್ತು.

ಪಟ್ಟಿಯಲ್ಲಿಲ್ಲದ ಕಾರ್ಖಾನೆಗೆ ಮುಂದಿನ ವರ್ಷದಿಂದ ದೊಡ್ಡ ಕಾರ್ಖಾನೆಯ ದರದಲ್ಲಿ ವಿದ್ಯುತ್ತು, ಸರ್ಕಾರಿ ಖರೀದಿ ಇಲ್ಲವೇ ಇಲ್ಲ. ನೀವು ಒಂದು ವರ್ಷವೂ ಉಳಿಯುವುದಿಲ್ಲ ಎಂದು ಲೆಕ್ಕ ಹಾಕದೆಯೂ ನನಗೆ ಗೊತ್ತಿತ್ತು. ಜನವರಿಯಲ್ಲಿ ಹಾಳೆಗಳನ್ನು ಮುದ್ರಣಾಲಯಕ್ಕೆ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ನಲವತ್ತನೇ ಸಾಲಿಗೆ ಪುಟ ಮುಗಿದಿತ್ತು, ಕೆಳಗೆ ಒಂದು ಬೆರಳಷ್ಟು ಜಾಗ. ಮೆಟ್ಟಿಲ ಮೇಲೆ ನಿಂತು, ಹಾಳೆಯನ್ನು ಗೋಡೆಗೆ ಒತ್ತಿ, ಒಂದು ಪದ ಬರೆದೆ. ಮುಂದಿನ ಸಂಖ್ಯೆಗಳನ್ನೆಲ್ಲ ಒಂದೊಂದು ಮುಂದಕ್ಕೆ ತಳ್ಳಿದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅಪ್ಪಣೆಯಿಲ್ಲದೆ ನಾನು ಬರೆದ ಪದ ಅದೊಂದೇ. ಗೋಡೆ ಒರಟಾಗಿತ್ತು. ಕೊಂಬು ಎಳೆದುಕೊಂಡಿತು.

ತಿದ್ದಲೆಂದು ಅಚ್ಚಿನ ಕರಡು ಬಂದಾಗ ಅದನ್ನು ಓದಬೇಕಾದವನೂ ನಾನೇ. ಪ್ರತಿ ಸಾಲು ಓದಿದೆ. ಆ ಒಂದು ಸಾಲು ಬಂದಾಗ ಮಾತ್ರ, ಕಳ್ಳ ತಾನು ಕದ್ದ ಮನೆಯ ಮುಂದೆ ತಲೆ ತಗ್ಗಿಸಿ ಹೋಗುವ ಹಾಗೆ, ಸರಸರನೆ ದಾಟಿಬಿಟ್ಟೆ.

ಈಗ ಆ ಹಾಳೆ ತೋರಿಸಿದರೆ ಪಕ್ಕದಲ್ಲಿ ಸಮಿತಿಯ ಹಾಳೆಯನ್ನೂ ಇಡುತ್ತಾರೆ. ಅದರಲ್ಲಿ ಆ ಸಾಲೇ ಇಲ್ಲ. ಸರ್ಕಾರಿ ದಾಖಲೆಯಲ್ಲಿ ಸ್ವಂತ ಅಕ್ಕನ ಮನೆಯ ಕಸುಬನ್ನು ತುರುಕಿದವನನ್ನು ಏನು ಮಾಡುತ್ತಾರೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನೌಕರಿ ಹೋದರೆ ಸರಿ ಎನ್ನೋಣ, ಕುಂಚವೂ ಉಳಿಯುವುದಿಲ್ಲ.

ಮೊದಲ ದಿನವೇ ಹೇಳಬೇಕಿತ್ತು. ಹೆದರಿಕೆಯಾಯಿತು. ಅಕ್ಕನಿಗೆ ಹೇಳಬೇಡಿ.

ನಿಮ್ಮ ಭಾಮೈದ


ಆಗಸ್ಟ್ ೧೪

ಅಯ್ಯಾ ಮಹಾರಾಯ,

ಹಿಂದಿನ ಪತ್ರವನ್ನು ಹರಿದುಹಾಕು. ಮೂಗುತಿಯ ಮಾತಂತೂ ಪೂರ್ತಿ ಹರಿ.

ಈಗ ನನ್ನ ಮಾತು ಕೇಳು. ನೀನು ಬಾಯಿ ಬಿಡಬೇಡ. ನಾನು ಹತ್ತು ದಿನದೊಳಗೆ ಜಿಲ್ಲಾ ಕಚೇರಿಗೆ ಹೋಗಿ, ನಮ್ಮದು ಕಂಚೇ, ಇಪ್ಪತ್ತಾರು ವರ್ಷದಿಂದ ಕಂಚೇ, ನಾನು ಹುಟ್ಟಿದ್ದೇ ಕಂಚಿನ ತೊಟ್ಟಿಲಲ್ಲಿ ಎಂದು ಬರೆದುಕೊಟ್ಟು ಬರುತ್ತೇನೆ. ಆಗ ಯಾರೂ ಯಾವ ಹಾಳೆಯನ್ನೂ ತೆಗೆಯುವುದಿಲ್ಲ. ನಾಲ್ಕು ಜನ ಬಸ್ಸು ಹತ್ತಿ ಬರಬಹುದು. ಉಳಿದವರದು ನೋಡೋಣ. ಕತ್ತರಿ ಅಜ್ಜಿಗೆ ಹೇಗೂ ಕಣ್ಣು ಮಂಜು ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೇನೆ. ಸುಳ್ಳು. ಅವಳ ಕಣ್ಣು ನನಗಿಂತ ಚುರುಕು.

ಇಟ್ಟಿಗೆಯವನಿಗೆ ಹೇಳಿದ್ದೇನೆ. ಒಳಗೆ ಕಪ್ಪು ಬಳಿಯಲು ನಮ್ಮಲ್ಲಿ ಕುಂಚಕ್ಕೆ ಬರವಿಲ್ಲ.

ಭಾವ


ಆಗಸ್ಟ್ ೧೬

ತಮ್ಮನಿಗೆ,

ನಿನ್ನ ಪತ್ರ ಓದಿದೆ. ನಿನ್ನ ಭಾವನಿಗೆ ಮುಚ್ಚಿಡಲು ಬರುವುದಿಲ್ಲ ಕಣೋ. ಅವರು ಅಕ್ಕಪಕ್ಕ ನೋಡುತ್ತಾ ಡಬ್ಬದ ಹಿಂದೆ ಏನಾದರೂ ಇಟ್ಟರೆ, ಅಲ್ಲಿ ಏನೋ ಇದೆ ಎಂದು ಇಡೀ ಬೀದಿಗೆ ಗೊತ್ತಾಗುತ್ತದೆ.

ಅವರು ಸಹಿ ಹಾಕಲು ಹೊರಟರು. ಯಾರ ಸಹಿ ಎಂದು ಕೇಳಿದೆ. ನೋಂದಣಿ ಯಾರ ಹೆಸರಲ್ಲಿದೆ? ನನ್ನ ಹೆಸರಲ್ಲಿ. ಹೆಂಗಸರ ಹೆಸರಾದರೆ ಬೇಗ ಆಗುತ್ತೆ ಅಂತ ನೀವಿಬ್ಬರೂ ಸೇರಿ ಹಾಕಿಸಿದ್ದಲ್ಲವಾ? ಹೆಸರು ಹಾಕಿಸಿದವರು ಸಹಿಯನ್ನೂ ಕೇಳಬೇಕಿತ್ತು. ನಾನು ಹಾಕುವುದಿಲ್ಲ. ಬಣ್ಣ ಬಳಿದ ಕುಲುಮೆಯ ಮುಂದೆ ನಿಂತು ಬಂದವರಿಗೆಲ್ಲ ನಾಟಕ ಆಡಲು ನನ್ನಿಂದ ಆಗುವುದಿಲ್ಲ. ಅಜ್ಜಿಗೆ ಕಣ್ಣು ಕಾಣುವುದಿಲ್ಲ ಎನ್ನಲೂ ಆಗುವುದಿಲ್ಲ.

ನೀನು ಬರೆದ ಪದ ಸುಳ್ಳಲ್ಲ. ನಾವು ಮಾಡುವುದು ಕುಂಚವೇ. ಕದ್ದು ಬರೆದದ್ದು ತಪ್ಪು. ಆ ತಪ್ಪನ್ನು ಬೇರೆಯವರು ಕಂಡುಹಿಡಿಯುವ ಮೊದಲು ನೀನೇ ಒಪ್ಪಿಕೋ. ಮನೆಯಲ್ಲಿ ನಿನಗೊಂದು ಜಾಗ ಇದ್ದೇ ಇದೆ. ಅದಕ್ಕೆ ಯಾವ ಪಟ್ಟಿಯೂ ಬೇಡ.

ನನಗೆ ಹೇಳಬೇಡಿ ಅಂತ ಬರೆದಿದ್ದೀಯಲ್ಲ, ಆ ಸಾಲಿಗೆ ಮಾತ್ರ ನನಗೆ ಸಿಟ್ಟು ಬಂದಿದೆ.

ಅಕ್ಕ


ಆಗಸ್ಟ್ ೨೯

ಅಕ್ಕ,

ನಿನ್ನ ಪತ್ರ ಬಂದು ಒಂಬತ್ತು ದಿನ ಜೇಬಿನಲ್ಲೇ ಇತ್ತು. ಇಪ್ಪತ್ತೇಳಕ್ಕೆ ತಪ್ಪೊಪ್ಪಿಗೆ ಬರೆದುಕೊಟ್ಟೆ. ಎಲ್ಲವನ್ನೂ. ಸಾಹೇಬರು ಓದಿ ಕನ್ನಡಕ ತೆಗೆದು, "ಇಷ್ಟು ದಿನ ನೀವೊಬ್ಬರೇ ನಂಬಿಕಸ್ಥರು ಅಂದುಕೊಂಡಿದ್ದೆ" ಅಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ನನ್ನನ್ನು ಅಮಾನತಿನಲ್ಲಿಟ್ಟಿದ್ದಾರೆ. ಬಡ್ತಿ ಪಟ್ಟಿಯಿಂದ ಹೆಸರು ತೆಗೆದರು.

ಆದರೆ ಆದೇಶದ ಕೊನೆಯ ಸಾಲನ್ನು ಭಾವನಿಗೆ ಎರಡು ಸಲ ಓದಿ ಹೇಳು. "ವಿಚಾರಣೆ ಪೂರ್ಣಗೊಳ್ಳುವವರೆಗೆ ನಲವತ್ತೊಂದನೇ ಸಾಲಿಗೆ ಸಂಬಂಧಿಸಿ ಯಾವುದೇ ಕ್ರಮ ಜರುಗಿಸತಕ್ಕದ್ದಲ್ಲ, ಯಥಾಸ್ಥಿತಿ ಕಾಪಾಡತಕ್ಕದ್ದು." ಅಂದರೆ ಸೆಪ್ಟೆಂಬರ್ ಒಂದಕ್ಕೆ ಬೀಗ ಹಾಕಲು ಯಾರೂ ಬರುವಂತಿಲ್ಲ. ನನ್ನ ವಿಚಾರಣೆ ಮುಗಿಯುವವರೆಗೆ ನೀವು ಕಂಚೂ ಅಲ್ಲ, ಕುಂಚವೂ ಅಲ್ಲ, ಏನು ಮಾಡುತ್ತಿದ್ದಿರೋ ಅದನ್ನು ಮಾಡುತ್ತಿರಬಹುದು.

ವಿಚಾರಣೆ ಮುಗಿದ ದಿನ ನೋಟಿಸಿಗೆ ಮತ್ತೆ ಜೀವ ಬರುತ್ತದೆ. ಅಷ್ಟರೊಳಗೆ ಇಪ್ಪತ್ತು ಕುಂಚದ ಕಾರ್ಖಾನೆಗಳು ಸೇರಿ ಸಹಿ ಹಾಕಿ ಅರ್ಜಿ ಕೊಟ್ಟರೆ ಸಮಿತಿ ಹೊಸದಾಗಿ ಸೇರಿಸಲೇಬೇಕು. ಅದು ನಿಯಮ. ನಿಯಮ ಬರೆದವನಿಗೆ ಚೆನ್ನಾಗಿ ಗೊತ್ತು.

ಸಿಟ್ಟು ಇಳಿದಿದ್ದರೆ ತಿಳಿಸು.

ತಮ್ಮ


ಅಕ್ಟೋಬರ್ ೨೦

ಅಮಾನತುಗೊಂಡ ಮಹಾಶಯನಿಗೆ,

ಈ ಪತ್ರವನ್ನು ಬಸ್‌ನಿಲ್ದಾಣದ ಬೆಂಚಿನಿಂದ ಬರೆಯುತ್ತಿದ್ದೇನೆ. ಏಳು ವಾರದಲ್ಲಿ ಇದು ಹದಿನಾಲ್ಕನೇ ಊರು. ಕುಂಚ ಮಾಡುವವರನ್ನು ಹುಡುಕುವುದೆಂದರೆ ಕತ್ತಲೆಯಲ್ಲಿ ಕರಿ ಬೆಕ್ಕು ಹುಡುಕಿದ ಹಾಗೆ. ವ್ಯತ್ಯಾಸ ಏನೆಂದರೆ ಈ ಬೆಕ್ಕುಗಳು ಇವೆ, ಬೇಕೆಂದೇ ಕಣ್ಣು ಮುಚ್ಚಿಕೊಂಡು ಕೂತಿವೆ.

ಒಂದು ಮನೆಯ ಬಾಗಿಲು ತಟ್ಟಿದೆ. ಒಳಗೆ ಬಾಚಣಿಗೆಯ ಸದ್ದು ನಿಂತಿತು.

"ಇಲ್ಲಿ ಕುಂಚ ಮಾಡ್ತಾರಾ?"

"ಇಲ್ಲಪ್ಪ. ಯಾರು ಹೇಳಿದ್ದು?"

"ಬಾಗಿಲ ಸಂದಿಯಿಂದ ಬೆಂದ ಕೂದಲಿನ ವಾಸನೆ ಬರ್ತಿದೆ."

"ಅಡುಗೆ ಸೀದಿದೆ."

"ತಾಯೀ, ನಾನೂ ಇಪ್ಪತ್ತಾರು ವರ್ಷದಿಂದ ಇದೇ ಅಡುಗೆ ಸೀಯಿಸ್ತಿರೋನು" ಎಂದು ಬೆರಳು ತೋರಿಸಿದೆ. ಹಿತ್ತಾಳೆ ಬಳೆ ಒತ್ತಿ ಒತ್ತಿ ಚಪ್ಪಟೆಯಾದ ಹೆಬ್ಬೆರಳು. ಬಾಗಿಲು ತೆರೆಯಿತು. ಒಳಗೆ ಏಳು ಜನ! ನಿಮ್ಮ ಎಣಿಕೆಯವರು ಬಂದಾಗ ಎಲ್ಲರೂ ಹಾಸಿಗೆಯ ಮೇಲೆ ಮಲಗಿ ನೆಂಟರಾಗಿದ್ದರಂತೆ. ಎಣಿಸಿಕೊಂಡರೆ ತೆರಿಗೆ ಬರುತ್ತದೆ ಎಂದು ಹೆದರಿಕೆ. ಎಣಿಸಿಕೊಳ್ಳದ್ದರಿಂದ ಪಟ್ಟಿಯಲ್ಲಿಲ್ಲ, ಪಟ್ಟಿಯಲ್ಲಿಲ್ಲದ್ದರಿಂದ ಇನ್ನಷ್ಟು ಹೆದರಿಕೆ. ನಿಮ್ಮ ಬೀರು ಇವರಿಗೆ ಕಾಣುವುದಿಲ್ಲ, ಇವರ ಬಾಗಿಲು ನಿಮಗೆ ಕಾಣುವುದಿಲ್ಲ. ನಡುವೆ ನಾನೊಬ್ಬ ಬಸ್ಸಿನ ಚೀಟಿ ಹಿಡಿದುಕೊಂಡು.

ಹನ್ನೊಂದು ಸಹಿ ಆಗಿದೆ. ಎದುರು ಸಾಲಿನ ಬುದ್ಧಿವಂತನನ್ನೂ ಕೇಳಿದೆ. "ನಾನೀಗ ಕಂಚು, ನನ್ನನ್ನು ಕೆಣಕಬೇಡ" ಅಂದ. ಅವನ ಎಂಟು ಜನರಲ್ಲಿ ಇಬ್ಬರು ನಮ್ಮಲ್ಲಿಗೆ ಬಂದರು, ಬಿಟ್ಟುಹೋದವಳೊಬ್ಬಳು ವಾಪಸು ಬಂದಳು. ಮತ್ತೆ ಹನ್ನೊಂದು ಜನ.

ಒಂಬತ್ತು ಸಹಿ ಬೇಕು. ಇನ್ನೂ ಆರು ತಿಂಗಳಾದರೂ ಅಲೆಯಬೇಕು. ನಿನ್ನ ವಿಚಾರಣೆ ಬೇಗ ಮುಗಿಯಲಿ ಎಂದು ಹಾರೈಸಬೇಕಾದವನು ನಾನು. ಹಾರೈಸಲು ಕೂತರೆ ಬಾಯಿ ಬರುವುದಿಲ್ಲ. ಇದನ್ನು ಬರೆಯಬಾರದಿತ್ತು. ಬರೆದಾಯಿತು.

ಭಾವ

ನಿನ್ನ ಅಕ್ಕನ ಸಿಟ್ಟು ಇಳಿದಿದೆ. ಹೇಳಬೇಡ ಎಂದಿದ್ದಾಳೆ.


ನವೆಂಬರ್ ೧೮

ಭಾವ,

ಇವತ್ತು ಬೆಳಗ್ಗೆ ವಿಚಾರಣಾಧಿಕಾರಿ ಕರೆಸಿದ್ದರು. ಚಿಕ್ಕ ಕೋಣೆ, ಎರಡು ಕುರ್ಚಿ, ನಡುವೆ ನನ್ನ ಕಡತ. ನನಗಿಂತ ಹಿರಿಯರು, ಸಭ್ಯರು. ಬಾಗಿಲು ಮುಂದೆ ಮಾಡಿ ಕೂತರು.

"ನೋಡಿ, ಇದನ್ನು ಎಳೆದು ಯಾರಿಗೂ ಲಾಭವಿಲ್ಲ" ಅಂದರು. "ನೀವು ಒಂದೇ ಒಂದು ಸಾಲು ಬರೆದುಕೊಡಿ. ನಲವತ್ತನೇ ಸಾಲನ್ನೇ ಮತ್ತೊಮ್ಮೆ ಕೈಯಲ್ಲಿ ಬರೆದೆ, ನಕಲು ಮಾಡುವಾಗ ಆದ ಕಣ್ತಪ್ಪು, ಮೊದಲಿನ ಹೇಳಿಕೆ ಗಾಬರಿಯಲ್ಲಿ ಕೊಟ್ಟದ್ದು ಅಂತ. ಎಚ್ಚರಿಕೆ ಕೊಟ್ಟು ಮುಗಿಸ್ತೀನಿ. ನಾಳೆಯಿಂದ ಕೆಲಸಕ್ಕೆ ಬನ್ನಿ. ಬಡ್ತಿಯ ಮಾತೂ ಆಡಿದ್ದೇನೆ."

"ನಲವತ್ತೊಂದನೇ ಸಾಲು ಸಾರ್?"

"ಹೊಡೆದುಹಾಕ್ತಾರೆ. ಒಂದು ಕಂಚು ಸಾಕಲ್ಲ."

ಬಿಳಿ ಹಾಳೆ ನನ್ನ ಕಡೆ ತಿರುಗಿಸಿ, ತಮ್ಮ ಪೆನ್ನನ್ನೇ ಮುಚ್ಚಳ ತೆಗೆದು ಕೊಟ್ಟರು. ಅರ್ಧ ಸಂಬಳದಲ್ಲಿ ಬಾಡಿಗೆ ಮನೆಯಲ್ಲಿ ಗೋಡೆ ನೋಡುತ್ತಾ ಕೂತು ಎಂಬತ್ತು ದಿನ ಆಗಿತ್ತು ಭಾವ. ಪೆನ್ನು ತೆಗೆದುಕೊಂಡೆ. ಸುಳ್ಳು ಹೇಳುವುದಿಲ್ಲ, ಮೊದಲ ಎರಡು ಪದ ಅವರು ಹೇಳಿದ ಹಾಗೇ ಬರೆದೆ. ಆಮೇಲೆ ಹೊಡೆದುಹಾಕಿ, ಕೆಳಗೆ ಬರೆದೆ: "ವಿವರವಾದ ಉತ್ತರ ಸಲ್ಲಿಸಲು ಆರು ತಿಂಗಳ ಕಾಲಾವಕಾಶ ಕೋರುತ್ತೇನೆ."

ಅವರು ಓದಿದರು. ನನ್ನ ಮುಖ ನೋಡಿದರು. ಮತ್ತೆ ಓದಿದರು.

"ನಿಯಮದಲ್ಲಿ ಮೂರೇ ತಿಂಗಳು ಇರೋದು" ಅಂದರು.

"ಹಾಗಾದರೆ ಎರಡು ಸಲ ಕೇಳ್ತೀನಿ ಸಾರ್."

ನಿಮ್ಮ ಭಾಮೈದ